ಬಲಗಡೆಯ ಹಿಡಿಕೆ

ವರ್ಷಗಳ ಹಿಂದೆ, ಒಂದು ಹಬ್ಬದ ಮಧ್ಯಾಹ್ನ ಮೂರೂ ಹತ್ತಕ್ಕೆ ಆ ಕ್ರೇಟು ಮೊದಲ ಸಲ ಚಟ್ ಎಂದಿತು. ಹೋದ ವಾರ ಐನಾಪುರದ ಸಂತೆಯಲ್ಲಿ ಯಾರೋ ದ್ರಾಕ್ಷಿಯ ಖಾಲಿ ಕ್ರೇಟನ್ನು ಕಾಲಿನಿಂದ ಸರಿಸಿದಾಗ ಮತ್ತೆ ಅದೇ ಸದ್ದು ಕೇಳಿತು. ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ನಿಂತೆ.

ಪಕ್ಕದ ತೋಟದ ಕಾಕಾನ ಹತ್ತಿರ ಒಂದು ಹಳೆಯ ಸಣ್ಣ ಟ್ರ್ಯಾಕ್ಟರ್ ಇತ್ತು. ದ್ರಾಕ್ಷಿ ಸಾಲುಗಳ ನಡುವೆ ಹಿಡಿಸುವಷ್ಟೇ ಅಗಲ. ಅದರ ಹಿಂದೆ ಹುಲ್ಲು ಕತ್ತರಿಸುವ ಕಟರ್. ಅಗಲವಾದ ಕಬ್ಬಿಣದ ಪೆಟ್ಟಿಗೆ, ಒಳಗೆ ಬ್ಲೇಡು. ಹುಲ್ಲು ಎಷ್ಟು ಎತ್ತರ ಉಳಿಯಬೇಕೋ ಅದಕ್ಕೆ ತಕ್ಕಂತೆ ಎರಡೂ ಬದಿಯ ಪಟ್ಟಿಗಳಲ್ಲಿ ಬೋಲ್ಟು ತೆಗೆದು ಒಂದು ತೂತು ಮೇಲೆ ಅಥವಾ ಕೆಳಗೆ ಹಾಕಬೇಕು. ಅಳತೆಗೆ ಕಾಕಾ ತಮ್ಮ ಬಲಗೈಯ ನಾಲ್ಕು ಬೆರಳು ಹಿಡಿಯುತ್ತಿದ್ದರು.

ಕಟರ್ ಎತ್ತುವ ಲಿಫ್ಟು ಹಳೆಯದು. ಎತ್ತಿದ ಕಟರ್ ತಾನಾಗಿಯೇ ಮೆಲ್ಲಗೆ ಇಳಿಯುತ್ತಿತ್ತು. ಅದಕ್ಕೇ ಅಡಿಯಲ್ಲಿ ಜಾಲಿ ಮರದ ದಿಮ್ಮಿ ಕೊಟ್ಟು, ಚಾವಿ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡೇ ಅವರು ಕೆಲಸಕ್ಕೆ ಕೂರುತ್ತಿದ್ದರು.

ಕ್ರೇಟು ಚಟ್ ಎಂದ ದಿನ ಖಂಡೇ ಪೂಜೆ, ಆಯುಧಗಳ ಹಬ್ಬ. ಕುಡಗೋಲು, ಬಳ್ಳಿ ಸವರುವ ಚಾಟಣಿಯ ಕತ್ತರಿಗಳನ್ನೆಲ್ಲ ಕಾಕಾನ ಹೆಂಡತಿ ಕಾಕು ಅದೇ ದಿಮ್ಮಿಯ ಮೇಲಿಟ್ಟು ಕುಂಕುಮ ಹಚ್ಚಿದ್ದರು. ಮರುದಿನದವರೆಗೆ ಪೂಜೆ ಕದಲಿಸುವಂತಿಲ್ಲ. ಆದರೆ ಬಳ್ಳಿಗಳ ಚಾಟಣಿಗೆ ಆಳುಗಳು ಬರುವ ಮೊದಲು ಹುಲ್ಲು ತೆಗೆಯಬೇಕಿತ್ತು. ಮಳೆಗೆ ಎದ್ದ ಕಲ್ಲುಗಳು ಬ್ಲೇಡಿಗೆ ಬಡಿಯುತ್ತಿದ್ದರಿಂದ ಕಟರನ್ನು ಒಂದು ತೂತು ಎತ್ತರಿಸಬೇಕಿತ್ತು. ನಾನು ಕಾಲೇಜು ಮುಗಿಸಿ ಮನೆಯಲ್ಲಿದ್ದ ವರ್ಷ ಅದು. ಹೋಳಿಗೆ ಕೊಡಲು ಹೋಗಿದ್ದೆ.

“ಹಬ್ಬದ ದಿನಾ ಕಬ್ಬಣಾ ಮುಟ್ಟಬ್ಯಾಡ್ರಿ ಅಂದ್ರ ಕೇಳಂಗಿಲ್ಲ,” ಎಂದರು ಕಾಕು.

“ಓಡಸಾಕತ್ತಿಲ್ಲ ಬೇ, ಸಿಂಗಾರ ಮಾಡಾಕತ್ತೇನಿ,” ಎಂದು ನಕ್ಕ ಕಾಕಾ, ದಿಮ್ಮಿಯ ಬದಲು ಒಂದು ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಮಾಡಿ ಕಟರಿನ ಅಡಿಗೆ ತಳ್ಳಿದರು. ದ್ರಾಕ್ಷಿ ತುಂಬಿ ಆಳೆತ್ತರ ಪೇರಿಸಿದರೂ ತಡೆಯುವ ಕ್ರೇಟು ಎಂದು ನಂಬಿದ್ದರು.

ಚಟ್ ಎಂದಾಗ ಕಾಕಾ ತಲೆ ಎತ್ತಿದರು, ಕೈ ಎಳೆದುಕೊಳ್ಳಲಿಲ್ಲ. ಬೋಲ್ಟು ಅರ್ಧ ಬಂದಿತ್ತು ಅನ್ನಿಸುತ್ತದೆ... ಕ್ರೇಟು ಪುಡಿಯಾಯಿತು. ಕಬ್ಬಿಣದ ಅಂಚು ಅವರ ಬಲಗೈ ಮೇಲೆ ಕೂತಿತು.

ಅವರು ಚೀರಲಿಲ್ಲ. “ತಂಗಿ, ಕಿಸೆದಾಗ ಚಾವಿ ಐತಿ. ಮ್ಯಾಲ ಹತ್ತು. ಚಾಲೂ ಮಾಡಿ ಬಲಗಡೇ ಹಿಡಿಕಿ ಎತ್ತು. ಎಡಗಡೇದು ಮುಟ್ಟಬ್ಯಾಡ.”

ಎಡಗಡೆಯದು ಬ್ಲೇಡು ತಿರುಗಿಸುವ ಹಿಡಿಕೆ. ನಾನು ಅದುವರೆಗೆ ಟ್ರ್ಯಾಕ್ಟರಿನ ಮೇಲೆ ಕೂತವಳೇ ಅಲ್ಲ. ಇಂಜಿನ್ ಶುರುವಾಗಿ ಸೀಟು ಅದುರಿದಾಗ ಆಧಾರಕ್ಕೆಂದು ನನ್ನ ಎಡಗೈ ಕೆಳಗಿಳಿಯಿತು. ತಣ್ಣನೆಯ ಕಬ್ಬಿಣ ತಾಗಿತು. ಕೈ ಹಿಂದೆ ತೆಗೆದೆ... ಬಲಗಡೆಯದನ್ನು ಎತ್ತಿದೆ. ಕಟರ್ ಎದ್ದಿತು. ಅಷ್ಟರಲ್ಲಿ ಕಾಕು ಪೂಜೆಯನ್ನೆಲ್ಲ ನೆಲಕ್ಕೆ ಸರಿಸಿ, ದಿಮ್ಮಿ ತಂದು ಅಡಿಗೆ ತಳ್ಳಿದ್ದರು. ಕುಡಗೋಲುಗಳು ಅಂಗಳದ ತುಂಬ ಬಿದ್ದಿದ್ದವು.

ಕಾಕಾನ ಎರಡು ಬೆರಳು ಹೋದವು. ಮುಂದೆ ಅವರು ಎಡಗೈಯಿಂದ ಅಳೆಯತೊಡಗಿದರು. “ಬಲಗೈಲೆ ಅಳದ್ರ ಹೊಲಾ ಬೋಳ ಆಕ್ಕೈತಿ,” ಎನ್ನುತ್ತಿದ್ದರು. ಕಾಕು ಪೂಜೆಯನ್ನು ಹಲಗೆಯ ಮೇಲೆ ಇಡತೊಡಗಿದರು. ದಿಮ್ಮಿಗೆ ಕಟರಿನ ಅಡಿಯಲ್ಲೇ ಕುಂಕುಮ.

ನನ್ನ ಎಡಗೈ ಮಾತ್ರ ನಿದ್ದೆಯಲ್ಲಿ ಆ ಹಿಡಿಕೆಯನ್ನು ಎಳೆಯುತ್ತಲೇ ಇತ್ತು. ಎದ್ದು ಕೂರುತ್ತಿದ್ದೆ. ಒಮ್ಮೆ ಕಾಕಾನಿಗೆ ಹೇಳಿದೆ.

“ಎಳದಿಲ್ಲಲ್ಲ? ಎಳದಿದ್ರ ನಾನ ದೆವ್ವಾಗಿ ಬಂದು ಹೇಳತಿದ್ದೆ ತಗೋ,” ಎಂದರು.

ಈ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲ.

ಆ ಸಂತೆಯ ಮರುದಿನ ಕಾಕು ಕರೆದರು. “ಹುಲ್ಲು ಬಾಳ ಬೆಳದೈತಿ ತಂಗಿ. ಅವ್ರ ಗಾಡಿ ಬ್ಯಾರೇದವರ ಕೈಗೆ ಕೊಡಾಕ ಮನಸ್ಸಾಗವಲ್ದು. ಅವ್ರ ನಿನಗ ಓಡಸಾಕ ಕಲಿಸಿದ್ರಲ್ಲ, ನೀ ಹತ್ತತೀಯೇನು?”

ಹತ್ತಿದೆ. ಬಲಗಡೆಯ ಹಿಡಿಕೆ ಎತ್ತಿದೆ. ಕಾಕು ದಿಮ್ಮಿ ಕೊಟ್ಟರು. ಚಾವಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗೆ ಕೂತೆ. ಬೆರಳು ಹಿಡಿದು ನೋಡಿದರೆ ನನ್ನ ಬೆರಳು ಸಣ್ಣ. ಅವರ ನಾಲ್ಕಕ್ಕೆ ನನ್ನವು ಎಷ್ಟಾಗುತ್ತವೆಂದು ಕಾಕಾನನ್ನೇ ಕೇಳಲು ತಿರುಗಿದೆ. ದಿಮ್ಮಿಯ ಮೇಲೆ ಕೈಯಿಟ್ಟುಕೊಂಡು ಕಾಕು ಒಬ್ಬರೇ ಕೂತಿದ್ದರು.

ಅಂದಾಜಿನಲ್ಲೇ ಎರಡೂ ಬದಿ ಒಂದು ತೂತು ಮೇಲೆ ಹಾಕಿದೆ. ಸಂಜೆಯೊಳಗೆ ಎಲ್ಲ ಸಾಲು ಮುಗಿಯಿತು. ಅಂದು ಮಲಗಿದವಳಿಗೆ ಎಚ್ಚರವಾದದ್ದು ಬೆಳಗಿನ ಬಿಸಿಲು ಮುಖಕ್ಕೆ ಬಿದ್ದಾಗಲೇ.