ಕಾಕಾನ ಹುಬ್ಬಿನ ಗಾಯ

ಸತ್ತವರನ್ನು ಚಂದಗಾಣಿಸಲು ಹೋಗಿ ನಾನು ನಮ್ಮ ಕಾಕಾನನ್ನು ಇನ್ನೊಮ್ಮೆ ಸಾಯಿಸಿದ್ದೇನೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಲ್ಕು ದಿನ ಬೇಕಾಯಿತು. ಅಷ್ಟೂ ದಿನ ಕಂಡಕಂಡವರ ಮೇಲೆ ಸಿಡಿಮಿಡಿಗೊಳ್ಳುತ್ತ ತಿರುಗಿದೆ.

ಮನೋಳಿಯಲ್ಲಿ ಕಾಕಾ ತೀರಿಕೊಂಡಾಗ ಶ್ರದ್ಧಾಂಜಲಿ ಬ್ಯಾನರಿನ ಮಾತು ಬಂತು. ಸವದತ್ತಿಯ ಬಸ್ ನಿಲ್ದಾಣದ ಎದುರು ಡಿಸೈನ್ ಅಂಗಡಿ ಇಟ್ಟಿರುವ ಶೋಭಾ ಅವರೇ ನಮ್ಮ ಮನೆಯ ಲಗ್ನಪತ್ರಿಕೆಗಳನ್ನೆಲ್ಲ ಮಾಡಿದವರು. ಆದರೆ ನಿವೃತ್ತ ಕನ್ನಡ ಮಾಸ್ತರನಾದ ನನಗೆ ಹೊಸ ಆಟಿಕೆ ಸಿಕ್ಕಿತ್ತು. “ಈಗ ಎಐ ಬಂದೈತಿ. ಡಿಸೈನರ್ ಯಾಕ ಬೇಕು? ಫೋನಿನ್ಯಾಗ ನಾನ ಮಾಡತೇನಿ” ಎಂದೆ. ಹಳೆಯ ಫೋಟೊ ಕೊಟ್ಟು, ಚಂದ ಮಾಡು ಎಂದು ಹೇಳಿದೆ. ಚಹಾ ಆರುವುದರೊಳಗೆ ಚಿತ್ರ ಬಂತು. ಹಾಗೆಯೇ ಮುದ್ರಣಕ್ಕೆ ಕಳಿಸಿದೆ.

ಬ್ಯಾನರ್ ಕಟ್ಟಿದಾಗ ಕಾಕಾನ ಹೆಂಡತಿ, ನಮ್ಮ ಕಾಕು, ಅದರ ಮುಂದೆ ಬಹಳ ಹೊತ್ತು ನಿಂತಳು. “ಯಾರಪಾ ಇವರು?” ಎಂದಳು. ಗುರುತಿನ ಚೀಟಿಯಲ್ಲಿ ಕಳ್ಳನಂತೆ ಕಾಣುತ್ತಿದ್ದ ಗಂಡನನ್ನೂ ಗುರುತು ಹಿಡಿದವಳು ಅವಳು.

ಬಿಸಿಲಲ್ಲಿ ಸುಟ್ಟ ಮುಖ ಹಾಲಿನಂತೆ ಬೆಳ್ಳಗಾಗಿತ್ತು. ಎತ್ತಿನ ಕೋಡು ತಾಗಿ ಎಡ ಹುಬ್ಬಿನ ಮೇಲೆ ಉಳಿದಿದ್ದ ಗಾಯದ ಗುರುತು ಮಾಯವಾಗಿತ್ತು. ಬಿದ್ದ ಹಲ್ಲುಗಳು ಮತ್ತೆ ಹುಟ್ಟಿದ್ದವು. ‘ಶ್ರದ್ಧಾಂಜಲಿ’ಯ ಒತ್ತಕ್ಷರಗಳು ಕಾಲು ಮುರಿದುಕೊಂಡು ಬಿದ್ದಿದ್ದವು. ಮೂವತ್ತು ವರ್ಷ ಮಕ್ಕಳ ಒತ್ತಕ್ಷರ ತಿದ್ದಿದ ಮಾಸ್ತರ ಅದನ್ನು ಓದದೆಯೇ ಕಳಿಸಿದ್ದ. ಫೋನಿಗೇ ಬೈದೆ. ಅದು ನಯವಾಗಿ ಕ್ಷಮೆ ಕೇಳಿ, ಇನ್ನೂ ಬೆಳ್ಳಗಿನ ಕಾಕಾನನ್ನು ಕೊಟ್ಟಿತು. ಮನುಷ್ಯನ ಸಿಟ್ಟಿಗಾದರೂ ಒಂದು ಮರ್ಯಾದೆ ಬೇಡವೇ?

ಬ್ಯಾನರ್ ಬಿಚ್ಚಿಸಿಕೊಂಡು ಸವದತ್ತಿಗೆ ಹೋದೆ. ಶೋಭಾ ನೋಡಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

“ಸರ, ಈ ಗಾಯ ಯಾಕ ತಗದ್ರಿ?”

“ನಾ ತಗದಿಲ್ಲ. ಫೋನಿನ್ಯಾಗಿನ ಎಐ ತಗೀತು.”

“ನೀವು ನೋಡಲಿಲ್ಲೇನ್ರಿ? ಮನಿಯವರ ನೋಡಲಿಲ್ಲಂದ್ರ ಅದ್ಯಾಕ ನೋಡತೈತ್ರಿ?”

ಫೋನಿನಲ್ಲಿದ್ದ ಮೂಲ ಚಿತ್ರ ತೆಗೆದು ಅವರ ಮುಂದಿಟ್ಟೆ. ಹಳೆಯ ಫೋಟೊದ ಕಲೆ ತೆಗೆಯಲು ಅವರೂ ಎಐ ಅನ್ನೇ ಬಳಸಿದರು. ಆದರೆ ನಡುನಡುವೆ ಕೈ ನಿಲ್ಲಿಸಿ ಕೇಳುತ್ತಿದ್ದರು. ತಲೆಗೆ ಸುತ್ತುತ್ತಿದ್ದ ಪಟಕಾ ಯಾವ ಬಣ್ಣದ್ದು? ಬಾಯಿ ತೆರೆದು ನಗುತ್ತಿದ್ದರೇ? ಗಾಯ ಎಷ್ಟು ಉದ್ದವಿತ್ತು? ಅರ್ಧಕ್ಕರ್ಧ ನನಗೆ ಗೊತ್ತಿರಲಿಲ್ಲ. ಕಾಕುಗೆ ಫೋನ್ ಹಚ್ಚಿ ಶೋಭಾ ಅವರ ಕೈಗೆ ಕೊಟ್ಟೆ. ಗಂಡ ಹೋದಾಗಿನಿಂದ ಒಂದೆರಡು ಮಾತಿಗಿಂತ ಹೆಚ್ಚು ಆಡದ ಕಾಕು ಅರ್ಧ ಗಂಟೆ ಮಾತಾಡಿದಳು. ನಡುವೆ ಒಮ್ಮೆ ನಕ್ಕದ್ದೂ ಕೇಳಿಸಿತು.

ಹೊಸ ಬ್ಯಾನರ್ ಕಟ್ಟಿದಾಗ ಕಾಕು ಹತ್ತಿರ ಹೋಗಿ, “ಅಂಗಿ ಗುಂಡಿ ಹಾಕ್ಕೋರಿ ಅಂತ ಎಷ್ಟ ಸಲ ಹೇಳೇನಿ ನಿಮಗ” ಎಂದು ಚಿತ್ರಕ್ಕೆ ಬೈದು, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗಲೇ ಬೀಗರೊಬ್ಬರು ನನ್ನ ಭುಜ ತಟ್ಟಿ, “ಮಾಸ್ತರ, ಭಾರಿ ಆಗೈತಿ. ಯಾವ ಆ್ಯಪಿನ್ಯಾಗ ಮಾಡೀರಿ?” ಎಂದರು.

ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ.

“ಶೋಭಾ ಅಂತ ಐತ್ರಿ, ಸವದತ್ತ್ಯಾಗ. ಹೋಗೂ ಮುಂದ ತೀರಿದವರನ್ನ ಚಲೋತ್ನಾಗಿ ಬಲ್ಲವರನ್ನ ಜೋಡಿ ಕರಕೊಂಡು ಹೋಗ್ರಿ” ಎಂದೆ.