ಎಳೆಯೊಳಗಿನ ಉಂಗುರ

ರೇಷ್ಮೆ ಮೇಡಂ ಅಂದರೆ ಸಂಸ್ಥೆಯಲ್ಲಿ ಎಲ್ಲರಿಗೂ ಗೊತ್ತು. ಹಾಗಂತ ಮೈಮೇಲೆ ಒಂದು ದಿನವೂ ರೇಷ್ಮೆ ಹಾಕಿದವರಲ್ಲ ಬಿಡಿ. ಇಪ್ಪತ್ತಾರು ವರ್ಷ ಮಾಡಿದ್ದು ಒಂದೇ ಕೆಲಸ: ಹುಳು ಉಗುಳಿದ ಎಳೆಗೆ ಎಕ್ಸ್‌ರೇ ಹಾಯಿಸಿ, ಅದರೊಳಗೆ ಪ್ರೋಟೀನು ಹೇಗೆ ಮಡಿಕೆ ಮಡಿಕೆಯಾಗಿ ಕೂತಿದೆ ಅಂತ ಫಿಲ್ಮಿನ ಚುಕ್ಕೆಗಳಿಂದ ಅಳೆಯುವುದು. ಸೂಜಿಗೆ ದಾರ ಪೋಣಿಸಲೂ ತಾಳ್ಮೆ ಇಲ್ಲದ ನಮ್ಮಂಥವರಿಗೆ ಇದೆಲ್ಲ ಎಲ್ಲಿ ತಲೆಗೆ ಹತ್ತಬೇಕು!

ಚುಕ್ಕೆ ಈ ಕೆಲಸ ಮಾಡುವ ಎಲ್ಲರ ಫಿಲ್ಮಿನಲ್ಲೂ ಬೀಳುತ್ತಿತ್ತು. ಇವರದರಲ್ಲಿ ಮಾತ್ರ ಒಂದು ತೆಳು ಉಂಗುರವೂ ಬಿತ್ತು. ಎಳೆಯೊಳಗೆ ಯಾರೂ ಕಾಣದ ಪದರ ಇದೆ ಅಂತ ಬರೆದರು, ಹೆಸರು ಬಂತು. ಆ ಉಂಗುರ ಮೊದಲು ಕಂಡದ್ದು ಅಮ್ಮ ತೀರಿಕೊಂಡ ದಿನ. ಆಸ್ಪತ್ರೆಯಿಂದ ಅಣ್ಣ ಮೂರು ಸಲ ಫೋನ್ ಮಾಡಿದ್ದ. "ನಿನ್ನನ್ನೇ ಕೇಳ್ತಿದಾಳೆ, ಬಾರೇ." ಅರವತ್ತು ಗಂಟೆ ಎಕ್ಸ್‌ರೇ ಬೀಳಬೇಕಾದ ಫಿಲ್ಮು, ಇನ್ನು ನಾಲ್ಕೇ ಗಂಟೆ ಬಾಕಿ. ಮಷೀನೋ, ಕಣ್ಣು ತಪ್ಪಿಸಿದರೆ ಕೈಕೊಡುವ ಜಾತಿ. "ಮುಗಿಸಿ ಬಂದೆ ಅಣ್ಣ" ಅಂದರು. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನೆಂಟರು ಬಾಯಿಗೆ ಬಂದ ಹಾಗೆ ಆಡಿಕೊಂಡರು. ಅಣ್ಣ ಒಬ್ಬನೇ, "ಅವಳು ಅವತ್ತು ಕಂಡುಹಿಡಿದಿದ್ದು ಲೋಕಕ್ಕೇ ಗೊತ್ತಿಲ್ಲದ್ದು, ಬಿಟ್ಟು ಬರೋಕಾಗುತ್ತಾ?" ಅಂತ ಎಲ್ಲರ ಬಾಯಿ ಮುಚ್ಚಿಸಿದ. ಆ ಮಾತೊಂದನ್ನು ಹಿಡಿದುಕೊಂಡೇ ಮೇಡಂ ಇಷ್ಟು ವರ್ಷ ತಲೆ ಎತ್ತಿ ಓಡಾಡಿದ್ದು. ಉಂಗುರ ನಿಜವಾಗಿರುವತನಕ ಅವತ್ತಿನ ದಿನಕ್ಕೊಂದು ಉತ್ತರವಿತ್ತು.

ನಿವೃತ್ತಿಗೆ ಎಂಟು ತಿಂಗಳಿರುವಾಗ ಲ್ಯಾಬು ಹೊಸ ಕಟ್ಟಡಕ್ಕೆ ಹೋಯಿತು. ಅಲ್ಲಿ ತೆಗೆದ ಒಂದು ಫಿಲ್ಮಿನಲ್ಲೂ ಉಂಗುರ ಇಲ್ಲ! ಮಷೀನು ಬಿಚ್ಚಿಸಿದರು, ಬೇರೆ ರೇಷ್ಮೆಗೂಡು ತರಿಸಿದರು, ಮೆಕ್ಯಾನಿಕ್ಕಿಗೆ ಸುಮ್ಮಸುಮ್ಮನೆ ಬೈದರು. ಎಳೆ ತೊಳೆದುಕೊಡುವ ಅಟೆಂಡರು ಒಂದು ಬೆಳಿಗ್ಗೆ ಮಾತಿನ ಮಧ್ಯೆ ಹೇಳಿದ: "ಇಲ್ಲಿ ನೀರು ಚೆನ್ನಾಗಿದೆ ಮೇಡಂ. ಅಲ್ಲಿ ಬೋರ್‌ವೆಲ್ ನೀರಲ್ಲಿ ಸೋಪು ನೊರೆನೇ ಬರ್ತಿರ್ಲಿಲ್ಲ, ಬಿಳೀ ಜಿಡ್ಡು ಕೂತ್ಕೊಳ್ತಿತ್ತು."

ಆ ಜಿಡ್ಡು ಎಳೆಯ ಮೇಲೂ ಕೂತಿರಬಹುದಲ್ಲ ಅಂತ ಮೇಡಂಗೆ ಹೊಳೆಯಿತು. ರೇಷ್ಮೆಯ ಅಂಟು ಬಿಡಿಸಲು ಎಳೆಯನ್ನು ಸೋಪಿನ ನೀರಲ್ಲಿ ಕುದಿಸುತ್ತಾರೆ. ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಬೇಕು. "ಅದೆಲ್ಲ ಯಾಕೆ ದಂಡ, ನಲ್ಲಿ ನೀರೇ ಸಾಕು" ಅಂತ ಮೊದಲ ದಿನ ಹೇಳಿದ್ದು ಯಾರು? ಇವರೇ.

ಹಳೇ ಕಟ್ಟಡದಿಂದ ಒಂದು ಕ್ಯಾನು ನೀರು ತರಿಸಿದರು. ರೇಷ್ಮೆ ಮುಟ್ಟಲಿಲ್ಲ. ಅಂಗಡಿಯಿಂದ ನೈಲಾನ್ ದಾರ ತಂದು, ಸೋಪಿನಲ್ಲಿ ಅದ್ದಿ, ಆ ನೀರಲ್ಲಿ ಜಾಲಿಸಿ ಎಕ್ಸ್‌ರೇ ಕೊಟ್ಟರು. ಹುಳುವಿನ ಸಹವಾಸವೇ ಇಲ್ಲದ ದಾರ ಅದು. ಫಿಲ್ಮು ತೊಳೆದು ಕಿಟಕಿಗೆ ಹಿಡಿದರೆ ಅದೇ ಉಂಗುರ. ಪದರ ಪದರ ಅಂತ ಇಷ್ಟು ವರ್ಷ ಅಳೆದದ್ದು ಸೋಪಿನ ಜಿಡ್ಡನ್ನ. ನೀರಲ್ಲಿ ಹೋಮ ಮಾಡಿದ ಹಾಗಾಯಿತಲ್ಲ, ಅಯ್ಯೋ!

"ನನ್ನಿಂದ ತಪ್ಪಾಯ್ತಾ ಮೇಡಂ?" ಅಟೆಂಡರನ ಮುಖ ಬಿಳಿಚಿಕೊಂಡಿತ್ತು.

"ನಿಂದೇನಿಲ್ಲಪ್ಪ."

ಬಾಯಿ ಮುಚ್ಚಿಕೊಂಡು ಎಂಟು ತಿಂಗಳು ತಳ್ಳಿದ್ದರೆ ಯಾರಪ್ಪನ ಗಂಟೂ ಹೋಗುತ್ತಿರಲಿಲ್ಲ. ಆದರೆ ಈ ಹೆಂಗಸಿಗೆ ಸುಳ್ಳು ಅರಗುವುದಿಲ್ಲವಲ್ಲ! ಉಂಗುರದ ಲೇಖನ ಬಂದಿದ್ದ ವಿಜ್ಞಾನ ಪತ್ರಿಕೆಗೆ ಕಾಗದ ಬರೆದರು: ನನ್ನ ಲೇಖನ ತಪ್ಪು, ವಾಪಸು ತೆಗೆದುಕೊಳ್ಳುತ್ತೇನೆ. ಅದನ್ನು ಕಳಿಸುವ ಮೊದಲು ಅಣ್ಣನ ಮನೆಗೆ ಹೋದರು. ಅವನಿಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು ಅನ್ನಿಸಿತ್ತು.

ಅಣ್ಣ ಪೂರ್ತಿ ಕೇಳಿಸಿಕೊಂಡ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತ ಕೂತ.

"ಅಂದ್ರೆ ಅವತ್ತು ಅಲ್ಲಿ ಏನೂ ಇರ್ಲಿಲ್ವಾ?"

"ಇರ್ಲಿಲ್ಲ ಅಣ್ಣ."

ಅತ್ತಿಗೆ ಕಾಫಿ ತಂದಿಟ್ಟು ಇಬ್ಬರ ಮುಖ ನೋಡಿ ಒಳಗೆ ಹೋದಳು. ಇಷ್ಟು ವರ್ಷ ತಂಗಿಯಿಂದ ಮುಚ್ಚಿಟ್ಟಿದ್ದನ್ನು ಅಣ್ಣ ಆಗ ಹೇಳಿದ.

"ಅಮ್ಮ ಕೊನೇವರೆಗೂ ಬಾಗಿಲ ಕಡೆನೇ ನೋಡ್ತಿದ್ಲು ಕಣೇ."