ನುಂಗಿಹೋದ ನಕಾರ

ಕೊಚಬಾಂಬಾ ಊರಿನ ಹಿರಿಯೆ ದೋನ್ಯಾ ಬೆನಿತಾಳ ಮನೆಯಲ್ಲಿದ್ದು ಧರ್ಮಪ್ರಚಾರದ ತರಬೇತಿ ಮುಗಿಸುತ್ತಿದ್ದ ಎಳೆಯ ಹೆಲ್ಮರ್, ಮನೆಮನೆಗೆ ಹೋದಾಗ ಮುಖಕ್ಕೆ ಬಾಗಿಲು ಹಾಕಿದವರಿಗೂ ಟೋಪಿ ತೆಗೆದು ವಂದಿಸುವಂಥವನು. ಸಂಜೆ ಬಂದವನೇ, ಇನ್ನೂ ಕಲಿಯುತ್ತಿದ್ದ ಸ್ಪ್ಯಾನಿಷ್‌ನಲ್ಲಿ ದಣಿದಿದ್ದೇನೆ ಎನ್ನಲು ‘ಕನ್ಸಾದೊ’ ಎನ್ನಬೇಕಾದಲ್ಲಿ ನಡುವಿನ ನಕಾರ ನುಂಗಿ, ‘ಕಸಾದೊ’, ಅಂದರೆ ಮದುವೆಯಾಗಿದೆ ಎಂದು ಘೋಷಿಸುತ್ತಿದ್ದ. “ಇವತ್ತು ಯಾರ ಜೊತೆಯಪ್ಪಾ? ನಿನ್ನೆಯವಳು ಎಲ್ಲಿ ಹೋದ್ಲು?” ಎಂದು ಬೆನಿತಾ ಕಡಲೆಕಾಯಿ ಸಾರು ಬಡಿಸುತ್ತ ಕೆಣಕುವಳು, ಅವನು ಕಿವಿಯವರೆಗೆ ಕೆಂಪಾಗಿ ತಾನೂ ನಗುವನು. ಅವಳ ಪ್ರಕಾರ ಊರಿನ ಅರ್ಧ ಹೆಂಗಸರು ಅವನ ಹೆಂಡಿರೇ. ತರಬೇತಿ ಮುಗಿದು, ಬೆಟ್ಟದ ಹಳ್ಳಿಗೆ ಒಬ್ಬನೇ ಹೊರಡಬೇಕಿದ್ದ ಮುನ್ನಾದಿನದ ಸಂಜೆ, ಅವನು ಹೊಸ್ತಿಲಲ್ಲೇ ನಿಂತು ಒಂದಕ್ಷರವೂ ತಪ್ಪದೆ “ಕನ್ಸಾದೊ” ಎಂದ. ಬೆನಿತಾ ನಗಲಿಲ್ಲ. ಸೌಟು ಕೆಳಗಿಟ್ಟು, ಕುರ್ಚಿ ಎಳೆದು, “ಇವತ್ತು ಒಬ್ಬರೂ ಬಾಗಿಲು ತೆಗೀಲಿಲ್ವಾ ಮಗಾ? ನಾನು ತೆಗೆದಿದ್ದೀನಲ್ಲ, ಬಾ, ಕೂತ್ಕೋ” ಎಂದಳು.